ಸೀರೆ ಹರಿದು ಹೊಲಿದ ಬಾವುಟ, ಕಪ್ಪು ಸೀರೆಯ ಮೌನ

ಶಾಂತಿಯ ಮಾತುಕತೆಯಲ್ಲಿ ಹೆಂಗಸರಿಗೂ ಪಾಲು ಸಲ್ಲಬೇಕು ಎಂಬ ಹಕ್ಕೊತ್ತಾಯ ಕನ್ನಡ ನಾಡಿನಿಂದ ಹೊರಟು ಹೊರದೇಶದ ವೇದಿಕೆ ಮುಟ್ಟಿದ್ದು 1929ರಲ್ಲಿ. ಆ ವರ್ಷ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಬರ್ಲಿನ್‌ನಲ್ಲೂ ಪ್ರಾಗ್‌ನಲ್ಲೂ ನಡೆದ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನಗಳಲ್ಲಿ ಪಾಲ್ಗೊಂಡರು. ಆರು ದಶಕ ಕಳೆದ ಮೇಲೆ ಅದೇ ಮಾತಿಗೆ ಬೆಂಗಳೂರು ಬೇರೆಯದೇ ರೂಪ ಕೊಟ್ಟಿತು. ಕಪ್ಪು ಸೀರೆಯುಟ್ಟು ರಸ್ತೆಬದಿಯಲ್ಲಿ ಮೌನವಾಗಿ ನಿಲ್ಲುವ ಹೆಂಗಸರು, ಯುದ್ಧದಲ್ಲಿ ನೊಂದವರು ಎದ್ದು ನಿಂತು ಸಾಕ್ಷಿ ಹೇಳುವ ಮಹಿಳಾ ನ್ಯಾಯಾಲಯಗಳು ಇಲ್ಲಿಂದ ಲೋಕದ ನಾನಾ ಊರುಗಳಿಗೆ ಹೋದವು. ಈ ಚರಿತ್ರೆಯ ಉದ್ದಕ್ಕೂ ಕಾಣುವ ಪಟ್ಟು ಒಂದೇ. ಮನೆಯೊಳಗೆ ಹೆಣ್ಣಿನ ಮೇಲೆ ನಡೆಯುವ ಹಿಂಸೆಯನ್ನೂ ದೇಶಗಳ ನಡುವೆ ನಡೆಯುವ ಯುದ್ಧವನ್ನೂ ಬೇರೆ ಬೇರೆ ಕಡತದಲ್ಲಿ ಇಡಲು ಈ ಹೆಣ್ಣುಮಕ್ಕಳು ಒಪ್ಪಲಿಲ್ಲ.

ಕನ್ನಡದ ನೆಲ ಯುದ್ಧವನ್ನು ಕಲ್ಲಿನಲ್ಲಿ ಬರೆದಿಟ್ಟುಕೊಂಡ ನೆಲ. ಉತ್ತರಹಳ್ಳಿ, ಬೇಗೂರು, ಕೆಂಗೇರಿ ಹೋಬಳಿಗಳು ಸೇರಿದ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲೇ ಅದಕ್ಕೆ ಸಾಕ್ಷಿ ಇದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನ ಬೆಂಗಳೂರಿನ ಹೆಸರು ಹೇಳುವ ಅತಿ ಹಳೆಯ ದಾಖಲೆ. ಅದು ದಾಖಲಿಸಿರುವುದು ಬೆಂಗಳೂರಿನಲ್ಲಿ ನಡೆದ ಒಂದು ಕಾಳಗವನ್ನು, ಅದರಲ್ಲಿ ಮಡಿದವನ ಹೆಸರನ್ನು. ಊರಿನ ಹೆಸರು ಮೊದಲು ಸಿಗುವುದೇ ಸಾವಿನ ಸುದ್ದಿಯ ಜೊತೆಗೆ. ವೀರಗಲ್ಲುಗಳಲ್ಲಿ ಗಂಡಸು ಕತ್ತಿ ಹಿಡಿದು ಹೋರಾಡುತ್ತಾನೆ, ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ವೀರಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಅವನ ಹೆಂಡತಿ ಚಿತೆಯೇರಿದ್ದರೆ ಅವಳ ಗುರುತು ಮಾಸ್ತಿಕಲ್ಲು: ಕಂಬದಿಂದ ಚಾಚಿ ಮೇಲಕ್ಕೆ ಮಡಚಿದ ಒಂದು ತೋಳು, ಮುಂಗೈ ತುಂಬ ಬಳೆ, ಕೆಲವು ಕಲ್ಲುಗಳಲ್ಲಿ ಬೆರಳ ಸಂದಿಯಲ್ಲೊಂದು ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರಿಲ್ಲ. ಅಬ್ಬಕ್ಕ, ಕಿತ್ತೂರು ಚೆನ್ನಮ್ಮರಂಥ ರಾಣಿಯರು ಯುದ್ಧದ ತೀರ್ಮಾನ ಮಾಡಿದ್ದುಂಟು. ಅದು ಪಟ್ಟದ ಬಲದಿಂದ. ಉಳಿದ ಹೆಣ್ಣುಮಕ್ಕಳಿಗೆ ಯುದ್ಧದಲ್ಲಿ ದಕ್ಕಿದ್ದು ಅದರ ಫಲ ಮಾತ್ರ. ಯುದ್ಧ ಬೇಕೆ, ಬೇಡವೆ ಎಂದು ಅವರನ್ನು ಕೇಳಿದವರಿಲ್ಲ.

ಕೇಳದಿದ್ದರೂ ಹೇಳುತ್ತೇವೆ ಎಂದು ಹೆಂಗಸರು ದೇಶದ ಗಡಿ ದಾಟಿ ಒಟ್ಟಾಗಿ ಕೂತದ್ದು ಮೊದಲ ಮಹಾಯುದ್ಧದ ನಡುವೆ. 1915ರ ಏಪ್ರಿಲ್ 28ರಿಂದ ಮೇ 1ರವರೆಗೆ ಹಾಲೆಂಡಿನ ಹೇಗ್ ನಗರದಲ್ಲಿ 12 ದೇಶಗಳ ಸಾವಿರಕ್ಕೂ ಹೆಚ್ಚು ಮಹಿಳೆಯರು ಸೇರಿದರು. ಪರಸ್ಪರ ಕಾದಾಡುತ್ತಿದ್ದ ದೇಶಗಳವರೂ ಅವರಲ್ಲಿದ್ದರು. ಇಂಗ್ಲೆಂಡಿನಿಂದ ಸುಮಾರು 180 ಮಂದಿ ಹೊರಡಲು ಸಿದ್ಧರಿದ್ದರೂ ಸಮುದ್ರಯಾನ ನಿಂತುಹೋಗಿ ಮೂವರು ಮಾತ್ರ ತಲುಪಿದರು. ಅಮೆರಿಕದ ಜೇನ್ ಆಡಮ್ಸ್ ಅಧ್ಯಕ್ಷತೆ ವಹಿಸಿದ್ದ ಆ ಸಭೆ, ಯುದ್ಧ ನಿಲ್ಲಿಸಲು ಮಧ್ಯಸ್ಥಿಕೆ ಬೇಕು ಎಂಬುದರ ಜೊತೆಯಲ್ಲೇ ಹೆಣ್ಣಿಗೆ ಮತದ ಹಕ್ಕು ಬೇಕೆಂದೂ ಕೇಳಿತು. ಅದರಿಂದ ಹುಟ್ಟಿದ ಸಂಘಟನೆ 1919ರಲ್ಲಿ ‘ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತಾರಾಷ್ಟ್ರೀಯ ಲೀಗ್’ ಎಂಬ ಹೆಸರು ಪಡೆಯಿತು. ಕಮಲಾದೇವಿ ಪ್ರಾಗ್‌ಗೆ ಹೋದದ್ದು ಈ ಲೀಗಿನ ಅಧಿವೇಶನಕ್ಕೆ.

ಹೇಗ್‌ನಲ್ಲಿ ಎದ್ದ ಮಾತು ಮಂಗಳೂರಿನವರೆಗೆ ಬಂದ ಹಾದಿಯಲ್ಲಿ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಸಿಗುತ್ತಾರೆ. ಡಬ್ಲಿನ್‌ನಲ್ಲಿ ಮತದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡು ಬಂದಿದ್ದ ಆಕೆ 1917ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಹುಟ್ಟಿದ ಭಾರತೀಯ ಮಹಿಳಾ ಸಂಘದ ಸ್ಥಾಪಕರಲ್ಲೊಬ್ಬರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು. 1921ರಲ್ಲಿ ಮದರಾಸು ಪ್ರಾಂತ್ಯ ಆಸ್ತಿಯ ಷರತ್ತಿಗೆ ಒಳಪಟ್ಟು ಮಹಿಳೆಯರಿಗೆ ಮತದ ಹಕ್ಕು ಕೊಟ್ಟಿತು. ಕರಾವಳಿಯ ಕನ್ನಡ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು. ಚುನಾವಣೆಗೆ ನಿಲ್ಲುವ ಅವಕಾಶ ತೆರೆದದ್ದು 1926ರಲ್ಲಿ. ಆಗ ಕಸಿನ್ಸ್ ಅವರ ಒತ್ತಾಸೆಯಿಂದ ಮದರಾಸು ವಿಧಾನ ಪರಿಷತ್ತಿಗೆ ಸ್ಪರ್ಧಿಸಿದ ಕಮಲಾದೇವಿ ತೀರಾ ಕಡಿಮೆ ಮತಗಳ ಅಂತರದಲ್ಲಿ ಸೋತರು. ಆಗ ಅವರ ವಯಸ್ಸು 23.

ಆ ಹೊತ್ತಿಗಾಗಲೇ ಕಾನೂನು ಹೆಣ್ಣಿಗೆ ಏನು ಮಾಡಬಲ್ಲದು ಎಂಬುದನ್ನು ಅವರು ತಮ್ಮ ಮನೆಯಲ್ಲೇ ಕಂಡಿದ್ದರು. ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಉನ್ನತ ಅಧಿಕಾರಿ. ಮಗಳಿಗೆ ಏಳು ವರ್ಷವಾಗಿದ್ದಾಗ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿ ಪೂರ್ತಿ ಹಿಂದಿನ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳ ಭತ್ಯೆ. ಆ ಹಣ ತಮಗೆ ಬೇಡವೆಂದು ಆಕೆ ತವರಿನಿಂದ ಬಂದಿದ್ದರಲ್ಲೇ ಮಕ್ಕಳನ್ನು ಸಾಕಿದರು. ಕಮಲಾದೇವಿಗೆ ಹದಿನಾಲ್ಕಕ್ಕೆ ಮದುವೆಯಾಯಿತು, ಎರಡೇ ವರ್ಷದಲ್ಲಿ ವೈಧವ್ಯ ಬಂತು. ತಾಯಿ ಮಗಳ ತಲೆ ಬೋಳಿಸಲು ಬಿಡಲಿಲ್ಲ, ಓದಿಸಿದರು. ಮುಂದೆ ಕಮಲಾದೇವಿ ದೇಶ ವಿದೇಶಗಳಲ್ಲಿ ಹೆಣ್ಣಿನ ಹಕ್ಕಿನ ಮಾತೆತ್ತಿದಾಗಲೆಲ್ಲ ಅದರ ಹಿಂದೆ ಮಂಗಳೂರಿನ ಆ ಮನೆ ಇತ್ತು.

1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯ ಹೊಣೆ ಕಮಲಾದೇವಿಗೆ ಬಂತು. ಎರಡು ವರ್ಷದ ನಂತರ, 1929ರ ಜೂನ್‌ನಲ್ಲಿ, ಮತದ ಹಕ್ಕಿಗಾಗಿ ದುಡಿಯುತ್ತಿದ್ದ ಮಹಿಳೆಯರ ಅಂತಾರಾಷ್ಟ್ರೀಯ ಒಕ್ಕೂಟ ತನ್ನ 25ನೇ ವರ್ಷವನ್ನು ಬರ್ಲಿನ್‌ನಲ್ಲಿ ಆಚರಿಸಿತು. ಸಭಾಂಗಣದಲ್ಲಿ ದೇಶದೇಶಗಳ ಬಾವುಟ ಹಾರಿಸುವ ಏರ್ಪಾಡಿತ್ತು. ಭಾರತಕ್ಕೆಂದು ಗೊತ್ತುಮಾಡಿದ್ದು ಬ್ರಿಟಿಷ್ ಬಾವುಟ. ಭಾರತದ ಪ್ರತಿನಿಧಿಗಳು ಅದನ್ನು ಒಪ್ಪಲಿಲ್ಲ. ಆ ಊರಿನಲ್ಲಿ ಸ್ವರಾಜ್ಯದ ಬಾವುಟ ಎಲ್ಲಿಂದ ಬರಬೇಕು? ಉಡಲು ತಂದಿದ್ದ ಸೀರೆಗಳಲ್ಲಿ ಬೇಕಾದ ಬಣ್ಣ ಹುಡುಕಿ, ಹರಿದು, ಪಟ್ಟಿ ಜೋಡಿಸಿ ಹೊಲಿದರು. ಅಂದಿನ ಬಾವುಟದ ಬಣ್ಣ ಬಿಳಿ, ಹಸಿರು, ಕೆಂಪು, ನಡುವೆ ಚರಕ. ಕೇಸರಿ ಬಂದದ್ದು 1931ರಲ್ಲಿ. ಪರದೇಶದಲ್ಲಿ ಎಣಿಸಿ ತಂದ ಸೀರೆಗಳಲ್ಲಿ ಒಂದಕ್ಕೆ ಕತ್ತರಿ ಹಾಕುವುದು ಹೆಂಗಸರಿಗೆ ಎಷ್ಟು ದೊಡ್ಡ ಮಾತೆಂದು ಸೀರೆ ಉಡುವವರಿಗೆ ಗೊತ್ತು. ಸ್ವಂತ ಬಾವುಟವಿಲ್ಲದ ದೇಶದ ಹೆಂಗಸರು ಲೋಕದ ಸಭೆಯಲ್ಲಿ ಕೂತು ಸಮಾನತೆಯ ಮಾತಾಡುವುದು ಹೇಗೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಬರ್ಲಿನ್‌ಗೆ ಹೋದವರಲ್ಲಿ ಕನ್ನಡ ನೆಲದಲ್ಲಿ ಹುಟ್ಟಿದ ಇನ್ನೊಬ್ಬರಿದ್ದರು. ಅವರು ಧನ್ವಂತಿ ರಾಮರಾವ್. ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಕಾಶ್ಮೀರಿ ಮನೆತನದಲ್ಲಿ 1893ರಲ್ಲಿ ಹುಟ್ಟಿದವರು, ಮದುವೆಯಿಂದ ಬೆನಗಲ್ ಮನೆತನದ ಸೊಸೆ. 1929ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಬ್ರಿಟನ್ನಿನ ಎಲೀನರ್ ರಾತ್‌ಬೋನ್ ಭಾರತೀಯ ಮಹಿಳೆಯರ ಸ್ಥಿತಿಗತಿ ಕುರಿತು ಸಮ್ಮೇಳನ ಏರ್ಪಡಿಸಿದರು. ವೇದಿಕೆಯಲ್ಲಿ ಭಾರತೀಯ ಹೆಂಗಸರಿಗೆ ಜಾಗವೇ ಇರಲಿಲ್ಲವೆನ್ನಬಹುದು. ಸಭೆಯ ನಡುವಿನಿಂದ ಎದ್ದ ಧನ್ವಂತಿ, ಭಾರತದ ಸಾಮಾಜಿಕ ಕೆಡುಕುಗಳ ಬಗ್ಗೆ ಲಂಡನ್ನಿನಲ್ಲಿ ಸಭೆ ಕರೆಯುವ ಹಕ್ಕು ಬ್ರಿಟಿಷ್ ಮಹಿಳೆಯರಿಗೆ ಎಲ್ಲಿಂದ ಬಂತು ಎಂದು ಪ್ರಶ್ನಿಸಿದರು. ಬಾಲ್ಯವಿವಾಹವಾಗಲಿ ವಿಧವೆಯರ ಕಷ್ಟವಾಗಲಿ ಸುಳ್ಳೆಂದು ಅವರು ಹೇಳಲಿಲ್ಲ. ಆ ಕಷ್ಟದ ಪರವಾಗಿ ಮಾತಾಡಬೇಕಾದವರು ಯಾರು ಎಂಬುದು ಅವರ ತಕರಾರು. ಅನುಭವಿಸಿದವರೇ ಮಾತಾಡಲಿ ಎಂಬ ಈ ತತ್ವ ಮುಂದೆ ಬೆಂಗಳೂರಿನ ಮಹಿಳಾ ನ್ಯಾಯಾಲಯಗಳ ತಳಹದಿಯಾಯಿತು. ಧನ್ವಂತಿ ಮುಂದೆ 1949ರಲ್ಲಿ ಭಾರತದ ಕುಟುಂಬ ಯೋಜನಾ ಸಂಘವನ್ನು ಕಟ್ಟಿ, ಕುಟುಂಬ ಯೋಜನೆಯ ಅಂತಾರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರೂ ಆದರು.

ಪ್ರಾಗ್ ಅಧಿವೇಶನ ನಡೆದದ್ದು 1929ರ ಆಗಸ್ಟ್‌ನಲ್ಲಿ. ಯುದ್ಧವನ್ನೇ ತ್ಯಜಿಸುವುದಾಗಿ ದೊಡ್ಡ ದೊಡ್ಡ ರಾಷ್ಟ್ರಗಳು ಸಹಿ ಹಾಕಿದ್ದ ಕೆಲಾಗ್-ಬ್ರಿಯಾಂ ಒಪ್ಪಂದ ಅದರ ಹಿಂದಿನ ತಿಂಗಳಷ್ಟೇ ಜಾರಿಗೆ ಬಂದಿತ್ತು. ಇನ್ನು ಯುದ್ಧವಿಲ್ಲ ಎಂಬ ಉತ್ಸಾಹ ಯುರೋಪಿನ ಶಾಂತಿವಾದಿಗಳಲ್ಲಿತ್ತು. ಸಹಿ ಹಾಕಿದ ರಾಷ್ಟ್ರಗಳು ಏಷ್ಯಾ ಆಫ್ರಿಕಾಗಳನ್ನು ಆಳುತ್ತಲೇ ಇದ್ದವು. ಕಮಲಾದೇವಿ ಆ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಲೀಗಿನ ಸಭೆಗೂ ಹೋಗಿದ್ದರು ಎಂಬುದನ್ನು ಪ್ರಾಗ್ ಭೇಟಿಯ ಜೊತೆಗಿಟ್ಟು ನೋಡಬೇಕು. ಒಂದು ದೇಶ ಇನ್ನೊಂದನ್ನು ಆಳುವವರೆಗೆ ಗುಂಡಿನ ಸದ್ದು ನಿಂತಮಾತ್ರಕ್ಕೆ ಅದನ್ನು ಶಾಂತಿಯೆನ್ನಲಾಗದು ಎಂಬುದು ಅವರ ನಿಲುವು. ಗಂಡು ಹೆಣ್ಣನ್ನು ಆಳುವ ಮನೆಗೂ ಅದೇ ಮಾತು. ಹತ್ತು ವರ್ಷದಲ್ಲಿ ಕೆಲಾಗ್-ಬ್ರಿಯಾಂ ಒಪ್ಪಂದ ಬರೀ ಕಾಗದವಾಯಿತು.

ಊರಿಗೆ ಮರಳಿದ ಮರುವರ್ಷವೇ ಉಪ್ಪಿನ ಸತ್ಯಾಗ್ರಹ. ದಂಡಿಯಾತ್ರೆಯ ತಂಡದಲ್ಲಿ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಅವರನ್ನೇ ಕಂಡು ವಾದಿಸಿ, ಮಹಿಳೆಯರಿಗೂ ಸತ್ಯಾಗ್ರಹದಲ್ಲಿ ಪಾಲು ದಕ್ಕುವಂತೆ ಮಾಡಿದರು, ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು. ಅಹಿಂಸೆಯ ಹೋರಾಟದಲ್ಲೂ ಹೆಣ್ಣು ತನ್ನ ಪಾಲನ್ನು ಕೇಳಿಯೇ ಪಡೆಯಬೇಕಾಯಿತು.

1939ರಲ್ಲಿ ಕೋಪನ್‌ಹೇಗನ್ನಿನ ಮಹಿಳಾ ಸಮ್ಮೇಳನಕ್ಕೆಂದು ಹೋದ ಕಮಲಾದೇವಿ ಮನೆಗೆ ಬರುವ ಹೊತ್ತಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಯುದ್ಧ ಶುರುವಾಗಿತ್ತು. ಅವರು ಅಮೆರಿಕಕ್ಕೆ ಹೋಗಿ ಊರೂರು ಸುತ್ತಿದರು, ಭಾರತದ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. 1941ರಲ್ಲಿ ಲೂಸಿಯಾನಾ ರಾಜ್ಯದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದ ಅವರನ್ನು ಟಿಕೆಟ್ ಪರೀಕ್ಷಕ ಎದ್ದುಹೋಗಲು ಹೇಳಿದ. ಆಕೆ ಭಾರತದವರೆಂದು ತಿಳಿದ ಮೇಲೆ ಬಿಟ್ಟುಬಿಡಲು ಅವನು ತಯಾರಿದ್ದ. ಕಮಲಾದೇವಿ ಆ ವಿನಾಯಿತಿ ತೆಗೆದುಕೊಳ್ಳಲಿಲ್ಲ. ತಾನೂ ಕಪ್ಪುವರ್ಣದವಳೇ, ಆದರೂ ಏಳುವುದಿಲ್ಲ ಎಂದು ಕೂತೇ ಇದ್ದರು. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಏಳಲು ನಿರಾಕರಿಸಿದ್ದು ಇದಾಗಿ 14 ವರ್ಷಕ್ಕೆ. ಆಮೇಲೆ ಕಮಲಾದೇವಿ ಜಪಾನನ್ನೂ, ಜಪಾನಿನ ಬಾಂಬುಗಳಡಿ ನಲುಗುತ್ತಿದ್ದ ಚೀನಾವನ್ನೂ ನೋಡಿ ಎರಡರ ಮೇಲೂ ಪುಸ್ತಕ ಬರೆದರು. ಆಕ್ರಮಣ ಮಾಡಿದ ದೇಶವನ್ನೂ ಅದಕ್ಕೆ ಗುರಿಯಾದ ದೇಶವನ್ನೂ ಕಣ್ಣಾರೆ ಕಂಡು ಬಂದ ಭಾರತೀಯ ಹೆಣ್ಣುಮಗಳು ಆ ಕಾಲಕ್ಕೆ ಅಪರೂಪ.

ಯುದ್ಧದ ನಂತರದ ಕೆಲಸ ಶಾಂತಿಯ ಕೆಲಸದ ಕಷ್ಟದ ಭಾಗ. 1947ರ ವಿಭಜನೆಯಲ್ಲಿ ನೆಲೆ ಕಳೆದುಕೊಂಡು ವಾಯವ್ಯ ಗಡಿನಾಡಿನಿಂದ ಬಂದವರಿಗೆ ದಿಲ್ಲಿಯ ಬಳಿ ಫರೀದಾಬಾದ್ ಊರು ಕಟ್ಟುವಾಗ ಕಮಲಾದೇವಿಯವರ ಭಾರತೀಯ ಸಹಕಾರ ಒಕ್ಕೂಟ ದೊಡ್ಡ ಹೊಣೆ ಹೊತ್ತಿತು. ಇಂದು ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಕೈಮಗ್ಗ, ಕರಕುಶಲ ಕಲೆ, ನಾಟಕ. ಆ ಕೀರ್ತಿ ನ್ಯಾಯವಾದದ್ದೇ. ಶಾಂತಿ ಸಂಘಟಕಿಯಾಗಿ ಅವರು ಮಾಡಿದ ಕೆಲಸ ಮಾತ್ರ ತವರು ಜಿಲ್ಲೆಯಲ್ಲೂ ಸಲ್ಲಬೇಕಾದಷ್ಟು ಸಂದಿಲ್ಲ.

ಇದೇ ಕಾಲದಲ್ಲಿ ಗುಜರಾತಿನ ಹಂಸಾ ಮೆಹ್ತಾ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿದ್ದ ‘ಎಲ್ಲ ಪುರುಷರು’ ಎಂಬರ್ಥದ ಮಾತನ್ನು ತೆಗೆಸಿ ‘ಎಲ್ಲ ಮನುಷ್ಯರು’ ಎಂದಾಗುವಂತೆ ನೋಡಿಕೊಂಡರು. ಘೋಷಣೆ 1948ರ ಡಿಸೆಂಬರ್ 10ರಂದು ಅಂಗೀಕಾರವಾಯಿತು. ಇತ್ತ ದಕ್ಷಿಣ ಬೆಂಗಳೂರಿನಲ್ಲಿ, ಹಿರೋಷಿಮಾ ಸುಟ್ಟ 1945ರ ಆಗಸ್ಟ್ ತಿಂಗಳಲ್ಲೇ ಬಸವನಗುಡಿಯ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆ ಶುರುವಾಯಿತು. ಪತಿ ಬಿ.ಪಿ. ವಾಡಿಯಾ ಜೊತೆ ಅದನ್ನು ಕಟ್ಟಿದ ಸೋಫಿಯಾ ವಾಡಿಯಾ ಅದಕ್ಕೂ ಮೊದಲೇ, 1933ರಲ್ಲಿ, ಲೇಖಕರ ಅಂತಾರಾಷ್ಟ್ರೀಯ ಸಂಘ ಪೆನ್‌ನ ಭಾರತ ಶಾಖೆಯನ್ನು ಸ್ಥಾಪಿಸಿದ್ದರು. ಉಪನ್ಯಾಸ, ಗ್ರಂಥಾಲಯ, ಸಂಗೀತಗಳ ಮೂಲಕ ಜಗತ್ತಿನ ಜನರನ್ನು ಹತ್ತಿರ ತರುವ ಆ ಸಂಸ್ಥೆಗೆ ಈಗ ಎಂಬತ್ತು ದಾಟಿದೆ.

ವಿಶ್ವಸಂಸ್ಥೆ 1975ನ್ನು ಮಹಿಳಾ ವರ್ಷವೆಂದು ಸಾರಿತು. ಮೆಕ್ಸಿಕೊ, ಕೋಪನ್‌ಹೇಗನ್, ನೈರೋಬಿಗಳಲ್ಲಿ ಸಮ್ಮೇಳನಗಳಾದವು. ಸಮಾನತೆ, ಅಭಿವೃದ್ಧಿ, ಶಾಂತಿ ಎಂಬ ಮೂರು ಪದ ಅವುಗಳ ಘೋಷವಾಕ್ಯ. 1990ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, 1995ರೊಳಗೆ ಅಧಿಕಾರದ ಸ್ಥಾನಗಳಲ್ಲಿ ಶೇ 30ರಷ್ಟು ಮಹಿಳೆಯರಿರಬೇಕೆಂಬ ಗುರಿ ಹಾಕಿಕೊಂಡಿತು. ಕರ್ನಾಟಕ ಆ ವಿಷಯದಲ್ಲಿ ಮುಂದಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. 1987ರ ಜನವರಿಯ ಚುನಾವಣೆಯಲ್ಲಿ ಸುಮಾರು 14,000 ಮಹಿಳೆಯರು ಆಯ್ಕೆಯಾದರು. ಉತ್ತರಹಳ್ಳಿ ಆಗಿನ್ನೂ ಹೆಸರಿಗೆ ತಕ್ಕಂತೆ ಹಳ್ಳಿ, ಹೋಬಳಿಯ ಕೇಂದ್ರ. ಬನಶಂಕರಿ ದಾಟಿದರೆ ಹೊಲ, ತೋಟ, ಕೆರೆ. ಆ ಭಾಗದ ಹಳ್ಳಿಗಳ ಹೆಂಗಸರಿಗೂ ಚಾವಡಿಯಲ್ಲಿ ಕೂತು ಬಾವಿ, ರಸ್ತೆ, ಶಾಲೆಯ ವಿಚಾರ ಮಾತಾಡುವ ಅಧಿಕಾರ ಕಾನೂನಿನಿಂದ ಬಂತು. ಯುದ್ಧ, ಶಾಂತಿಗಳ ದೊಡ್ಡ ಮೇಜಿಗೂ ಪಂಚಾಯಿತಿಯ ಚಾಪೆಗೂ ದೂರ ಬಹಳ ಎನಿಸಬಹುದು. ತೀರ್ಮಾನದ ಸಭೆಯಲ್ಲಿ ಕೂತು ಅಭ್ಯಾಸವಾಗುವುದು ಮಾತ್ರ ಚಾಪೆಯಿಂದಲೇ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಮೂರನೇ ಒಂದು ಪಾಲಿನ ಮೀಸಲು ತಂದಾಗ ಕರ್ನಾಟಕದ ಅನುಭವ ಅದರ ಬೆನ್ನಿಗಿತ್ತು.

ನಗರದಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿತ್ತು. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ವಿಮೋಚನಾ’ ವೇದಿಕೆ ವರದಕ್ಷಿಣೆ ಸಾವುಗಳ ಬೆನ್ನುಹತ್ತಿತು. ಆ ಕಾಲದ ಪತ್ರಿಕೆಗಳಲ್ಲಿ ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿ ದಿನನಿತ್ಯದ್ದು. ಗಾಳಿ ಹೊಡೆದು ಹಚ್ಚುವ ಸೀಮೆಎಣ್ಣೆ ಸ್ಟವ್ ಮದುವೆಯಾಗಿ ಒಂದೆರಡು ವರ್ಷವಾದ ಸೊಸೆಯಂದಿರ ಮುಂದೆಯೇ ಯಾಕೆ ಸಿಡಿಯುತ್ತದೆ, ಅತ್ತೆಯ ಮುಂದೆ, ಗಂಡನ ಮುಂದೆ ಯಾಕೆ ಸಿಡಿಯುವುದಿಲ್ಲ ಎಂದು ಈ ಹೆಣ್ಣುಮಕ್ಕಳು ಕೇಳಿದರು. ಠಾಣೆಯ ಭಾಷೆಯಲ್ಲಿ ಇವೆಲ್ಲ ‘ಯು.ಡಿ.ಆರ್.’, ಅಂದರೆ ಅಸಹಜ ಸಾವಿನ ವರದಿಗಳು. ತನಿಖೆ ಬಹಳ ಸಲ ಅಲ್ಲಿಗೇ ನಿಲ್ಲುತ್ತಿತ್ತು. ವಿಮೋಚನಾ ಕಾರ್ಯಕರ್ತೆಯರು ಠಾಣೆಗಳ ಕಡತ ನೋಡಿದರು, ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು ಸಾಯುವವರ ಮಾತು ಕೇಳಿಸಿಕೊಂಡರು. 1990ರ ದಶಕದ ಕೊನೆಗೆ ಅವರು ಮುಂದಿಟ್ಟ ಲೆಕ್ಕದಲ್ಲಿ ಬೆಂಗಳೂರು ನಗರವೊಂದರಲ್ಲೇ ವರ್ಷಕ್ಕೆ ಸಾವಿರಕ್ಕೂ ಮೀರಿ ಹೆಂಗಸರ ಅಸಹಜ ಸಾವುಗಳಿದ್ದವು. ಗಂಡನ ಮೇಲೆ ಒಂದು ಮಾತೂ ಹೇಳದೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಭಯಕ್ಕೆ ‘ಕಾಲು ತಾಗಿ ಸ್ಟವ್ ಬಿತ್ತು’ ಎಂದು ಕೊನೆಯ ಹೇಳಿಕೆ ಕೊಟ್ಟು ಕಣ್ಣು ಮುಚ್ಚಿದವರು ಆ ಲೆಕ್ಕದೊಳಗೆ ಎಷ್ಟೋ ಮಂದಿ. ಯುದ್ಧಭೂಮಿಯ ಹೆಣಗಳನ್ನು ಎಣಿಸುವ ಲೋಕ ಈ ಹೆಣಗಳನ್ನು ಯಾವ ಪಟ್ಟಿಯಲ್ಲಿ ಬರೆಯುತ್ತದೆ ಎಂಬ ಪ್ರಶ್ನೆ ಇಲ್ಲಿಂದ ಎದ್ದಿತು.

ವಿಮೋಚನಾದ ಸ್ಥಾಪಕರಲ್ಲೊಬ್ಬರಾದ ಕೊರಿನ್ ಕುಮಾರ್ ಆ ಪ್ರಶ್ನೆಯನ್ನು ಏಷ್ಯಾ ಮಹಿಳಾ ಮಾನವ ಹಕ್ಕುಗಳ ಮಂಡಳಿಯ ಮೂಲಕ ದೇಶದಾಚೆಗೆ ಒಯ್ದರು. ಅದೇ ಹೊತ್ತಿಗೆ ಹೊರಗಿನಿಂದ ಒಂದು ಮಾದರಿಯೂ ಬಂತು. 1988ರ ಜನವರಿಯಲ್ಲಿ ಜೆರುಸಲೇಮಿನ ಕೆಲವು ಯಹೂದಿ ಮಹಿಳೆಯರು, ತಮ್ಮದೇ ಸರ್ಕಾರ ಪ್ಯಾಲೆಸ್ತೀನ್ ನೆಲವನ್ನು ಆಕ್ರಮಿಸಿಕೊಂಡಿರುವುದನ್ನು ವಿರೋಧಿಸಿ ಕಪ್ಪು ಬಟ್ಟೆ ತೊಟ್ಟು ವಾರಕ್ಕೊಮ್ಮೆ ನಡುರಸ್ತೆಯಲ್ಲಿ ನಿಲ್ಲತೊಡಗಿದರು. 1991ರ ಅಕ್ಟೋಬರಿನಲ್ಲಿ ಯುಗೊಸ್ಲಾವಿಯ ಒಡೆಯುತ್ತಿದ್ದಾಗ ಬೆಲ್‌ಗ್ರೇಡಿನ ಹೆಂಗಸರು ಹಾಗೆಯೇ ನಿಂತರು. ಬಾಬ್ರಿ ಮಸೀದಿ ಕೆಡವಿದ ನಂತರದ ಗಲಭೆಯ ದಿನಗಳಲ್ಲಿ ಬೆಂಗಳೂರಿನಲ್ಲೂ ಹೀಗೆ ನಿಲ್ಲುವುದು ಶುರುವಾಯಿತು. ಘೋಷಣೆಯಿಲ್ಲ, ಭಾಷಣವಿಲ್ಲ. ಸಂಜೆ ಜನ ಕೆಲಸ ಬಿಟ್ಟು ಮನೆಗೆ ಹೋಗುವ ಹೊತ್ತಿಗೆ, ಗಾಂಧಿ ಪ್ರತಿಮೆಯಿರುವ ಎಂ.ಜಿ. ರಸ್ತೆಯಂಥ ಕಡೆ, ಕೈಯಲ್ಲಿ ಬರಹದ ಹಲಗೆ ಹಿಡಿದು ಸಾಲಾಗಿ ನಿಲ್ಲುವುದು.

ಕಪ್ಪು ಬಣ್ಣಕ್ಕೆ ಕನ್ನಡ ಮನೆಗಳಲ್ಲಿ ಬೇರೆ ಅರ್ಥವೂ ಉಂಟು. ಮುತ್ತೈದೆಯ ಕೊರಳಿನ ಕರಿಮಣಿ ಮಂಗಳಕರ. ಮಗುವಿನ ಕೆನ್ನೆಗೆ ಇಡುವ ಕಾಡಿಗೆ ಬೊಟ್ಟು ದೃಷ್ಟಿ ತೆಗೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಕರಿ ಚಂದ್ರಕಾಳಿ ಸೀರೆ ಉಟ್ಟು ಹಬ್ಬಕ್ಕೆ ಹೋಗುವುದುಂಟು. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಶುಭಕಾರ್ಯಕ್ಕೆ ಕಪ್ಪು ಸೀರೆ ಉಟ್ಟರೆ ಹಿರಿಯರು ತಕ್ಷಣ ಬದಲಾಯಿಸಿಕೊಂಡು ಬರಲು ಹೇಳುತ್ತಾರೆ. ಹೀಗೆ ಒಂದೇ ಬಣ್ಣ ರಕ್ಷಣೆಯೂ ಹೌದು, ಅಪಶಕುನವೂ ಹೌದು. ಬೀದಿಯಲ್ಲಿ ಸಾಲುಗಟ್ಟಿದ ಕಪ್ಪು ಸೀರೆಗಳು ದಾರಿಹೋಕರನ್ನು ತಡೆದು ನಿಲ್ಲಿಸಲು ಈ ಇರುಸುಮುರುಸೂ ಕಾರಣ. ಸೂತಕದ ಮನೆಯೊಳಗೆ ಇರಬೇಕಾದ ಶೋಕವನ್ನು ಹೆಂಗಸರು ಹೊಸ್ತಿಲು ದಾಟಿಸಿ ಸಾರ್ವಜನಿಕ ಮಾಡಿದ್ದರು, ಅದೂ ತಮ್ಮ ಮನೆಯವರಲ್ಲದ, ತಮ್ಮ ಧರ್ಮದವರಲ್ಲದ, ತಮ್ಮ ದೇಶದವರೂ ಅಲ್ಲದ ಸತ್ತವರಿಗಾಗಿ.

ಬೆಂಗಳೂರು ಲೋಕಕ್ಕೆ ಕೊಟ್ಟ ದೊಡ್ಡ ಕೊಡುಗೆ ಕೊರಿನ್ ಕುಮಾರ್ ರೂಪಿಸಿದ ಮಹಿಳಾ ನ್ಯಾಯಾಲಯ. ಮೊದಲನೆಯದು 1990ರ ದಶಕದ ಆರಂಭದಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ನಡೆಯಿತು. 1931ರಲ್ಲಿ ಅಖಿಲ ಏಷ್ಯಾ ಮಹಿಳಾ ಸಮ್ಮೇಳನ ಸೇರಿದ್ದ ಊರೂ ಲಾಹೋರೇ. ಆ ಸಮ್ಮೇಳನದ ಹಿಂದಿದ್ದವರು ಮಂಗಳೂರಿನಲ್ಲಿ ಪಾಠ ಹೇಳಿದ್ದ ಮಾರ್ಗರೆಟ್ ಕಸಿನ್ಸ್. 1994ರಲ್ಲಿ ಟೋಕಿಯೊದಲ್ಲಿ ಕೂತ ನ್ಯಾಯಾಲಯ ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮರಾಗಿ ಇಟ್ಟುಕೊಂಡಿದ್ದ ಏಷ್ಯಾದ ಮಹಿಳೆಯರ ಮಾತಿಗೆ ವೇದಿಕೆಯಾಯಿತು. ಐವತ್ತು ವರ್ಷ ಬಾಯಿಬಿಡದೆ ಬದುಕಿದವರು ಅವರು. ಕೊರಿಯಾದ ಕಿಮ್ ಹಾಕ್-ಸುನ್ 1991ರ ಆಗಸ್ಟ್ 14ರಂದು ಹೆಸರು ಹೇಳಿಕೊಂಡು ಮೊದಲು ಮುಂದೆ ಬಂದ ಮೇಲೆ ಒಬ್ಬೊಬ್ಬರಾಗಿ ಮಾತು ಶುರುಮಾಡಿದ್ದರು. 1995ರಲ್ಲಿ ಬೀಜಿಂಗ್ ಸಮ್ಮೇಳನದ ಜೊತೆಗೆ ಹುವೈರೋದಲ್ಲಿ ಇನ್ನೊಂದು, 2001ರ ಮಾರ್ಚ್ 8ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಯುದ್ಧದ ವಿರುದ್ಧ, ಶಾಂತಿಗಾಗಿ ಜಾಗತಿಕ ಮಹಿಳಾ ನ್ಯಾಯಾಲಯ, 2004ರ ಜನವರಿಯಲ್ಲಿ ಮುಂಬಯಿಯ ವಿಶ್ವ ಸಾಮಾಜಿಕ ವೇದಿಕೆಯಲ್ಲಿ ಅಮೆರಿಕದ ಯುದ್ಧಾಪರಾಧಗಳ ಕುರಿತ ನ್ಯಾಯಾಲಯ.

ಇವು ಕಾನೂನಿನ ಅಧಿಕಾರವಿರುವ ಕೋರ್ಟುಗಳಲ್ಲ. ಇಲ್ಲಿ ಕಟಕಟೆಯಿಲ್ಲ, ಪಾಟೀಸವಾಲಿಲ್ಲ. ನೊಂದವರು ಎದ್ದು ತಮ್ಮ ಕಥೆಯನ್ನು ತಮ್ಮ ಭಾಷೆಯಲ್ಲಿ ಹೇಳುತ್ತಾರೆ. ವಿಷಯ ಬಲ್ಲವರು ಅದರ ಹಿಂದಿನ ರಾಜಕೀಯ, ಆರ್ಥಿಕ ಕಾರಣಗಳನ್ನು ಬಿಡಿಸಿಡುತ್ತಾರೆ. ಹಾಡು, ಕವಿತೆ, ನೃತ್ಯಕ್ಕೂ ಅಲ್ಲಿ ಸಾಕ್ಷಿಯ ಸ್ಥಾನವುಂಟು. ಕೊನೆಗೆ ‘ವಿವೇಕದ ಮಂಡಲಿ’ಯೊಂದು ಕೇಳಿದ್ದನ್ನೆಲ್ಲ ಕೂಡಿಸಿ ಮಾತಾಡುತ್ತದೆ, ಶಿಕ್ಷೆ ವಿಧಿಸುವುದಿಲ್ಲ. ಶಿಕ್ಷೆ ಕೊಡಲಾರದ ನ್ಯಾಯಾಲಯದಿಂದ ಪ್ರಯೋಜನವೇನು ಎಂಬ ಆಕ್ಷೇಪ ಮೊದಲಿನಿಂದಲೂ ಇದೆ, ಅದರಲ್ಲಿ ತೂಕವೂ ಇದೆ. ಆದರೆ ಕಾನೂನಿನ ಕೋರ್ಟಿನಲ್ಲಿ ಬಲಾತ್ಕಾರಕ್ಕೊಳಗಾದವಳು ಸರ್ಕಾರದ ಪರ ಸಾಕ್ಷಿಗಳಲ್ಲಿ ಒಬ್ಬಳು. ಅವಳು ಉತ್ತರಿಸಬೇಕಾದ್ದು ಕೇಳಿದ ಪ್ರಶ್ನೆಗೆ ಮಾತ್ರ. ಇಲ್ಲಿ ಅವಳು ಎಲ್ಲಿಂದ ಬೇಕಾದರೂ ಶುರುಮಾಡಬಹುದು, ಅಳಬಹುದು, ಸುಮ್ಮನಾಗಬಹುದು, ಮತ್ತೆ ಹೇಳಬಹುದು. ಮಾಸ್ತಿಕಲ್ಲಿನ ಹೆಸರಿಲ್ಲದ ತೋಳಿಗೆ ಬಾಯಿ ಬಂದಂತೆ.

2009ರ ಜುಲೈಯಲ್ಲಿ ನ್ಯಾಯಾಲಯ ಬೆಂಗಳೂರಿಗೇ ಬಂತು. ‘ಬೆಂಕಿಯ ಹೆಣ್ಣುಮಕ್ಕಳು’ ಎಂಬರ್ಥದ ಹೆಸರಿನಲ್ಲಿ ವರದಕ್ಷಿಣೆ ಮತ್ತು ಅದರ ಸುತ್ತಲಿನ ಹಿಂಸೆಯನ್ನು ಅದು ಕೈಗೆತ್ತಿಕೊಂಡಿತು. ಟೋಕಿಯೊ, ಕೇಪ್‌ಟೌನ್‌ಗಳಲ್ಲಿ ಯುದ್ಧಕ್ಕೆ ಹಿಡಿದ ತಕ್ಕಡಿಯಲ್ಲೇ ಅಡುಗೆಮನೆಯ ಬೆಂಕಿಯನ್ನೂ ತೂಗಿದ್ದು ಈ ಚರಿತ್ರೆಯ ಮುಖ್ಯ ಘಟ್ಟ. ಶಾಂತಿಯ ಅಧ್ಯಯನ ಮಾಡುವವರು ಬೆಂಗಳೂರಿನಿಂದ ಕಲಿಯಬೇಕಾದ ಪಾಠವೂ ಇದೇ.

ಶಾಂತಿಯ ಮಾತುಕತೆಯಲ್ಲಿ ಹೆಂಗಸರಿಗೂ ಪಾಲು ಬೇಕೆಂಬ ಮಾತನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕಿವಿಗೆ ಹಾಕಿಕೊಂಡದ್ದು ತಡವಾಗಿ. 2000ದ ಮಾರ್ಚ್ 8ರಂದು ಬಾಂಗ್ಲಾದೇಶ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದಾಗ ವಿಷಯ ಪ್ರಸ್ತಾಪವಾಯಿತು. ಅಕ್ಟೋಬರ್ 31ರಂದು, ನಮೀಬಿಯಾದ ಅಧ್ಯಕ್ಷತೆಯಲ್ಲಿ, 1325ನೇ ಗೊತ್ತುವಳಿ ಅಂಗೀಕಾರವಾಯಿತು. ಸಂಘರ್ಷ ತಡೆಯುವ, ಬಗೆಹರಿಸುವ, ನಂತರ ಬದುಕು ಕಟ್ಟುವ ಪ್ರತಿ ಹಂತದಲ್ಲೂ ಮಹಿಳೆಯರು ಇರಬೇಕೆಂದು ಭದ್ರತಾ ಮಂಡಳಿ ಹೇಳಿದ್ದು ಅದೇ ಮೊದಲು. ಇದಕ್ಕಾಗಿ ಬೆನ್ನುಬಿಡದೆ ಒತ್ತಾಯಿಸಿದ ಸಂಘಟನೆಗಳಲ್ಲಿ, 71 ವರ್ಷದ ಹಿಂದೆ ಪ್ರಾಗ್‌ನಲ್ಲಿ ಕಮಲಾದೇವಿ ಕಂಡಿದ್ದ ಅದೇ ಮಹಿಳಾ ಲೀಗ್ ಇತ್ತು.

ಗೊತ್ತುವಳಿ ಬಂದ ಮೇಲೂ ಹೆಂಗಸರು ಬಾಗಿಲು ಕಾಯುವುದು ತಪ್ಪಲಿಲ್ಲ. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಬೋವಿ ಮುಂದಾಳತ್ವದಲ್ಲಿ ಕ್ರೈಸ್ತ, ಮುಸ್ಲಿಂ ಮಹಿಳೆಯರು ಬಿಳಿ ಬಟ್ಟೆ ತೊಟ್ಟು ಮೀನು ಮಾರುಕಟ್ಟೆಯ ಬಳಿ ಬಿಸಿಲು ಮಳೆಯೆನ್ನದೆ ಕೂತರು. ಶಾಂತಿ ಮಾತುಕತೆ ನಡೆಯುತ್ತಿದ್ದ ಘಾನಾದ ಆಕ್ರಾಕ್ಕೂ ಹೋಗಿ, ಒಪ್ಪಂದವಾಗುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲವೆಂದು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಬೆಂಗಳೂರಿನಲ್ಲಿ ಕಪ್ಪು, ಅಲ್ಲಿ ಬಿಳಿ. ಎರಡೂ ಕಡೆ ಉಟ್ಟ ಬಟ್ಟೆಯೇ ಆಯುಧ. ನಾಲ್ಕು ವರ್ಷದ ನಂತರ ಅದೇ ಲೈಬೀರಿಯಾಕ್ಕೆ ಭಾರತ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳೆಯರ ತುಕಡಿಯನ್ನು ಕಳಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಪೂರ್ತಿ ಮಹಿಳೆಯರದೇ ಆದ ಮೊದಲ ಪೊಲೀಸ್ ತುಕಡಿ ಅದು. 2007ರಿಂದ 2016ರವರೆಗೆ ಅಲ್ಲಿತ್ತು. ಇಷ್ಟಾದರೂ ಒಪ್ಪಂದದ ಮೇಜಿನ ಲೆಕ್ಕ ಹೆಚ್ಚು ಬದಲಾಗಿಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗದ ಲೆಕ್ಕದಂತೆ 1992ರಿಂದ 2019ರವರೆಗಿನ ಮುಖ್ಯ ಶಾಂತಿ ಪ್ರಕ್ರಿಯೆಗಳಲ್ಲಿ ಸಂಧಾನಕಾರರ ಪೈಕಿ ಮಹಿಳೆಯರು ಶೇ 13, ಮಧ್ಯಸ್ಥರಲ್ಲಿ ಶೇ 6, ಸಹಿ ಹಾಕಿದವರಲ್ಲಿ ಶೇ 6.

2015ರ ಮೇ ತಿಂಗಳಲ್ಲಿ ಬೋಸ್ನಿಯಾದ ಸರಾಯೆವೊ ನಗರದಲ್ಲಿ ಹಿಂದಿನ ಯುಗೊಸ್ಲಾವಿಯದ ಮಹಿಳೆಯರ ನ್ಯಾಯಾಲಯ ಕೂತಿತು. ಒಬ್ಬರನ್ನೊಬ್ಬರು ಕೊಂದ ಜನಾಂಗಗಳ ಹೆಂಗಸರು ಒಂದೇ ವೇದಿಕೆಯಲ್ಲಿ ಸಾಕ್ಷಿ ಹೇಳಿದರು. ಬೆಲ್‌ಗ್ರೇಡಿನ ಕಪ್ಪುಡುಗೆಯ ಮಹಿಳೆಯರು ಅದನ್ನು ಸಂಘಟಿಸಿದವರಲ್ಲಿ ಮುಖ್ಯರು. ಕೊರಿನ್ ಕುಮಾರ್ ರೂಪಿಸಿದ ನ್ಯಾಯಾಲಯಗಳ ಅನುಭವ ಅವರಿಗೆ ದಾರಿಯಾಗಿತ್ತು. 1325ನೇ ಗೊತ್ತುವಳಿಯನ್ನು ಜಾರಿಗೆ ತರಲು ನೂರಕ್ಕೂ ಹೆಚ್ಚು ದೇಶಗಳು ರಾಷ್ಟ್ರೀಯ ಕ್ರಿಯಾಯೋಜನೆ ಬರೆದುಕೊಂಡಿವೆ. ಭಾರತ ಇನ್ನೂ ಬರೆದಿಲ್ಲ. ಬರೆಯುವ ದಿನ ಬಂದಾಗ, ಬೆಂಗಳೂರಿನ ಹೆಣ್ಣುಮಕ್ಕಳು ಠಾಣೆ, ಆಸ್ಪತ್ರೆ, ಬೀದಿಗಳಲ್ಲಿ ಕೂಡಿಸಿಟ್ಟ ಸಾಕ್ಷ್ಯಗಳನ್ನು ಆ ಮೇಜಿನ ಮೇಲಿಟ್ಟುಕೊಂಡೇ ಬರೆಯಬೇಕು.